ನಾಲ್ಕು ಬೆರಳು ಮುಂಚಿನ ‘ಸಾಕು’

ಲೋಕದಲ್ಲಿ ಯುದ್ಧಗಳಾಗುತ್ತವೆ, ಸರ್ಕಾರಗಳು ಉರುಳುತ್ತವೆ. ಅವನ್ನೆಲ್ಲ ಬರೆಯಲು ಬೇರೆ ಜನ ಇದ್ದಾರೆ. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಗುರುತರವಾದ ಸಂಗತಿ. ಐದಡಿ ಹತ್ತಿಂಚು ಅಗಲದ ಕೆಂಪು ಸ್ಪೋರ್ಟ್ಸ್ ಕಾರು ಏಳಡಿ ಅಗಲದ ಶೆಡ್ಡಿನೊಳಗೆ ಒಂದು ಗೀರೂ ಬೀಳದಂತೆ ಹೋಗಿ ನಿಲ್ಲಬೇಕು.

ಆ ಶನಿವಾರ ಸಂಜೆ ಅದು ಅರ್ಧ ಶೆಡ್ಡಿನಲ್ಲಿ, ಅರ್ಧ ರಸ್ತೆಯಲ್ಲಿ ಇತ್ತು. ಸ್ಟಿಯರಿಂಗ್ ಹಿಡಿದಿದ್ದವಳ ಅಂಗೈ ಬೆವರಿ ಜಾರುತ್ತಿತ್ತು.

“ರೀ, ನಿಲ್ಸಿ!” ಹಿಂದಿನಿಂದ ಗಂಡುದನಿ.

ಅವಳು ಬೆಚ್ಚಿ ಬ್ರೇಕ್ ತುಳಿದಳು. “ಯಾರ್ರೀ ಅದು?”

“ಎದುರುಮನೆ ಬಾಡಿಗೆಯವ್ನು. ನಿಮ್ಮ ಎಡಗಡೆ ಮೂರಿಂಚಿದೆ, ಬಲಗಡೆ ಹನ್ನೊಂದು. ಕನ್ನಡಿ ಬೇರೆ ಮಡಚಿಲ್ಲ.”

“ನಿಮ್ಮನ್ನ ಕೇಳಿದ್ನಾ ನಾನು?”

“ಇಲ್ಲ. ಗೋಡೆ ಕೇಳ್ತು.”

ಕೋಪ ಬರಬೇಕಾಗಿದ್ದ ಕಡೆ ಅವಳಿಗೆ ನಗು ಬಂತು. ನಗು ಬಂತಲ್ಲ ಎಂದು ಆಮೇಲೆ ಕೋಪ ಬಂತು!

ಅವನು ಭೂಮಾಪಕ. ಜೇಬಿನಲ್ಲಿ ಸದಾ ಒಂದು ಅಳತೆ ಟೇಪು. ಆದ್ದರಿಂದ ಎರಡನೆಯ ವಾರದಿಂದ ಅವಳ ಬಾಯಲ್ಲಿ ಅವನ ಹೆಸರೇ ‘ಟೇಪು’ ಎಂದಾಯಿತು. ಅವಳಿಗೆ ಮುಖ್ಯರಸ್ತೆಯಲ್ಲಿ ಕನ್ನಡಕದಂಗಡಿ. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ “ಈಗ ಸರಿ ಕಾಣುತ್ತಾ?” ಎಂದು ಕೇಳುವ ಕೆಲಸ.

ಆ ಮೊದಲ ಶನಿವಾರ ಅಡುಗೆಮನೆಯಿಂದ ಶೆಡ್ಡಿಗೆ ತೆರೆಯುವ ಬಾಗಿಲಲ್ಲಿ ಅಮ್ಮ ಇಣುಕಿ, “ಈ ಕಡೆಯಿಂದ ಬಾರಪ್ಪ, ಇಲ್ಲಿ ನಿಂತ್ರೆ ಚೆನ್ನಾಗಿ ಕಾಣುತ್ತೆ,” ಎಂದಳು. ಅವನು ಮನೆಯೊಳಗಿಂದ ಬಂದು ಆ ಹೊಸ್ತಿಲಲ್ಲಿ ನಿಂತ. ಎರಡೂ ಅಂಗೈ ಎತ್ತಿ ಕರೆಯತೊಡಗಿದ.

“ಬರ್ಲಿ… ಬರ್ಲಿ… ಸ್ವಲ್ಪ ಎಡಕ್ಕೆ… ಬರ್ಲಿ… ಸಾಕು!”

ಅವಳು ನಿಲ್ಲಿಸಿದಳು. ಉಸಿರು ಬಿಗಿಹಿಡಿದು ಅಡ್ಡಡ್ಡ ಇಳಿದು ನೋಡಿದರೆ, ಹಿಂದೆ ಶಟರ್ ಕೆಳಗಿಳಿಯಲು ಜಾಗವಿಲ್ಲ.

“ಮುಂದೆ ಇನ್ನೂ ಜಾಗ ಇದೆಯಲ್ರೀ!”

“ನಾಲ್ಕು ಬೆರಳಿದೆ. ಸಾಕು ಅಂದ್ಮೇಲೂ ಎಲ್ಲರೂ ಒಂಚೂರು ಮುಂದೆ ಬಂದೇ ಬರ್ತಾರೆ. ಅದಕ್ಕೇ ನಾನು ನಾಲ್ಕು ಬೆರಳು ಮುಂಚೆನೇ ಹೇಳ್ಬಿಡ್ತೀನಿ.”

ಹಾಗಾದರೆ ಇವನ ‘ಸಾಕು’ ಎಂದರೆ ಸಾಕಲ್ಲ… ಅವಳು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಕಾರು ಅಪ್ಪನದು. ಮುದ್ರಣ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಅಪ್ಪ ಅದನ್ನು ಬಿಡಿಬಿಡಿ ತುಂಡುಗಳಾಗಿ ತಂದು, ಒಂಬತ್ತು ವರ್ಷ ಕೂತು ಜೋಡಿಸಿ, ಎರಡೇ ವರ್ಷ ಓಡಿಸಿ ಹೋಗಿಬಿಟ್ಟಿದ್ದರು. ಅಪ್ಪ ಹೋದ ದಿನವೇ ಅವಳು ಮನೆಯಲ್ಲಿ ಕಾನೂನು ಮಾಡಿದ್ದಳು. ಅಪ್ಪನ ಕಾರನ್ನು ತನ್ನ ಹೊರತು ಯಾರೂ ಮುಟ್ಟಬಾರದು! ಆ ಮನೆಯ ಏಕೈಕ ಪ್ರಜೆಯಾಗಿದ್ದ ಅಮ್ಮ ತಲೆಯಾಡಿಸಿದ್ದಳು.

ಆಮೇಲಿನ ನಾಲ್ಕು ತಿಂಗಳು ಶನಿವಾರಗಳೇ. ಟೇಪು ಗೋಡೆಗೆ ಹಳೆಯ ಹಾಸಿಗೆಯ ಸ್ಪಂಜು ಅಂಟಿಸಿದ. ಮೂತಿ ನೆಲಕ್ಕೆ ತಾಗದಿರಲೆಂದು ಬಾಗಿಲಿಗೆ ಹಲಗೆ ಇಟ್ಟ. ‘ನೀವು’ ಹೋಗಿ ‘ನೀನು’ ಬಂತು. ಕಾರಿನ ಎರಡನೆಯ ಕೀಲಿಯನ್ನು ಅವಳೇ ಅವನ ಕೈಗಿಟ್ಟು, “ಮುಟ್ಟಬಾರದು ಅನ್ನೋ ಕಾನೂನು ನಿನಗಿಲ್ಲ,” ಎಂದಳು. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ನಾಲ್ಕು ಬೆರಳು ಮುಂಚೆಯೇ ನಿಂತಿದ್ದರು.

ಹೀಗಿರುವಾಗ ಒಂದು ಶನಿವಾರ ಅವಳು ಕಾರಿನಲ್ಲಿ ಕೂತಳು. ಮೊಣಕಾಲು ಹೋಗಿ ಸ್ಟಿಯರಿಂಗಿಗೆ ಬಡಿಯಿತು.

ಸೀಟು ಮುಂದಕ್ಕೆ ಸರಿದಿತ್ತು!

ತಲೆಯೆತ್ತಿದಳು. ಒಳಗನ್ನಡಿ ಕೆಳಕ್ಕೆ ಬಾಗಿತ್ತು. ತನಗಿಂತ ಕುಳ್ಳಗಿರುವ ಯಾರೋ ಇಲ್ಲಿ ಕೂತಿದ್ದಾರೆ. ಇಳಿದು ಒಂದು ಸುತ್ತು ಬಂದಳು. ಎಡಗಡೆ ಹಿಂದಿನ ಚಕ್ರದ ಮೇಲೆ ಕಿರುಬೆರಳುದ್ದದ ಗೀರು. ಅದರ ಮೇಲೆ ಬಣ್ಣ ಸವರಿದ್ದರು. ಬೇರೆ ಯಾರಾದರೂ ಕೆಂಪೆಂದೇ ನಂಬುತ್ತಿದ್ದರು. ಅವಳ ಕಣ್ಣಿಗೆ ಅದು ಗುಲಾಬಿ. ಮೂಗು ಹತ್ತಿರ ತಂದಳು.

ನೇಲ್ ಪಾಲಿಶ್.

ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಎಂದಿನಂತೆ ಐದು ಗಂಟೆಗೆ ಟೇಪು ಶಿಳ್ಳೆ ಹಾಕುತ್ತ ಬಂದ.

“ಈ ಕಾರಲ್ಲಿ ಯಾರು ಕೂತಿದ್ರು?”

ಶಿಳ್ಳೆ ನಿಂತಿತು. ಅವನು ಜೇಬಿನ ಟೇಪನ್ನು ಒಂದು ಗೇಣು ಎಳೆದು ಬಿಟ್ಟ. ಅದು ಸರ್ರನೆ ಒಳಗೆ ಹೋಯಿತು.

“ಗೀರು ಬಿದ್ದಿರೋದು ನಿನಗೆ ಗೊತ್ತಾ?”

“ಗೊತ್ತು.”

“ನೇಲ್ ಪಾಲಿಶ್ ಬಳಿದಿರೋದು?”

“…ಗೊತ್ತು.”

“ಯಾರದು ಅದು?”

“ಹೇಳಕ್ಕಾಗಲ್ಲ. ಮಾತು ಕೊಟ್ಟಿದೀನಿ.”

“ಅವಳಿಗೆ ಮಾತು ಕೊಟ್ಟಿದೀರಿ. ನನಗೇನು ಕೊಟ್ಟಿದೀರಿ?”

‘ದೀರಿ’ ಎಂಬ ಆ ಬಹುವಚನ ಅವನ ಮುಖಕ್ಕೆ ಬಾಗಿಲು ಹಾಕಿದಂತೆ ಬಿತ್ತು. ಮರ್ಯಾದೆ ಕೊಟ್ಟು ಒಬ್ಬರನ್ನು ಇಷ್ಟು ದೂರ ತಳ್ಳಬಹುದೆಂದು ಅವಳಿಗೂ ಆಗಲೇ ತಿಳಿದದ್ದು.

“ಸ್ವಲ್ಪ ದಿನ ತಾಳು. ನಿನಗೇ ಗೊತ್ತಾಗುತ್ತೆ…”

“ಸಾಕು!”

ಅವನು ನಿಂತ. ಕೀಲಿಯನ್ನು ಕಾರಿನ ಮೇಲಿಟ್ಟು, ಒಂದು ಹೆಜ್ಜೆಯೂ ಮುಂದೆ ಬಾರದೆ, ತಿರುಗಿ ಹೊರಟುಹೋದ.

ಮೂರು ವಾರ! ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತ ಮೂರು ವಾರ.

ಸಾಲದ್ದಕ್ಕೆ ಒಂದು ಮಧ್ಯಾಹ್ನ ಅಂಗಡಿಯ ಗಾಜಿನಾಚೆ ಅವನೇ ಕಂಡ. ರಸ್ತೆ ಅಳೆಯುತ್ತಿದ್ದ. ಅಳತೆಕೋಲು ಹಿಡಿದು ನಿಂತವಳು ಅವನ ಆಫೀಸಿನವಳು. ಐದಡಿಯೂ ಇಲ್ಲ. ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದಳು. ಕೋಲಿನ ಮೇಲಿದ್ದ ಹತ್ತೂ ಉಗುರಿಗೆ ಬಣ್ಣ!

ಕುಳ್ಳಿ. ಉಗುರು. ನಗು. ಇನ್ನೇನು ಸಾಕ್ಷಿ ಬೇಕು? ‘ಅಪ್ಪನ ಸೀಟಲ್ಲಿ ಅವಳನ್ನ ಕೂರಿಸಿದ್ದಾನೆ… ನಾನು ಕೊಟ್ಟ ಕೀಲಿಯಿಂದಲೇ!’ ಎದುರಿಗೆ ಕೂತಿದ್ದ ಗಿರಾಕಿ, “ಏನೂ ಕಾಣ್ತಿಲ್ಲಮ್ಮ,” ಎಂದರು. ಅವಳು ಅವರ ಕಣ್ಣಿಗೆ ಬೇರೆ ಯಾರದೋ ಗಾಜು ಹಾಕಿದ್ದಳು.

“ಪುಟ್ಟಿ, ಆ ಹುಡುಗ ಯಾಕೆ ಬರ್ತಿಲ್ಲ?” ಅಮ್ಮ ಸಂಜೆ ಕೇಳಿದಳು.

“ಕೆಲಸ ಇರ್ಬೇಕು.”

“ನಂಗೂ ಹಾಗೇ ಅಂದ.”

“ನಿಂಗ್ಯಾಕೆ ಅಂದ?”

“ರಸ್ತೇಲಿ ಸಿಕ್ಕಿದ್ದ,” ಎಂದು ಅಮ್ಮ ಹಾಲು ಉಕ್ಕದಿದ್ದರೂ ಒಲೆಯ ಕಡೆ ಓಡಿದಳು.

ಮರುದಿನ ಅಂಗಡಿಯಲ್ಲಿ ಕರೆಂಟು ಹೋಯಿತು. ಅವಳು ಬೇಗ ಮನೆಗೆ ಹೊರಟಳು. ತಮ್ಮ ರಸ್ತೆಗೆ ತಿರುಗುತ್ತಲೇ ಕಾಲು ನೆಲಕ್ಕೆ ಅಂಟಿತು. ಶೆಡ್ಡಿನಿಂದ ಕೆಂಪು ಕಾರಿನ ಹಿಂಭಾಗ ಹೊರಗೆ ಚಾಚಿತ್ತು. ಎಂಜಿನ್ ಗುರುಗುಟ್ಟುತ್ತಿತ್ತು.

‘ಬೇರೆ ಕೀಲಿ ಮಾಡಿಸ್ಕೊಂಡಿದ್ದಾನೆ! ನಮ್ಮ ಮನೆ ಬಾಗಿಲಿಗೇ ಅವಳನ್ನ ಕರ್ಕೊಂಡು ಬಂದಿದ್ದಾನೆ!’

ಓಡಿಬಂದು ಹಿಂದಿನ ಗಾಜಿನಲ್ಲಿ ಬಗ್ಗಿ ನೋಡಿದಳು. ಸೀಟಿನ ಮೇಲಕ್ಕೆ ಕಾಣುತ್ತಿದ್ದದ್ದು ಒಂದು ನರೆತ ತುರುಬು ಮಾತ್ರ.

“ಅಮ್ಮಾ!”

“ಬೈಬೇಡ,” ತುರುಬು ಹೇಳಿತು. “ಮೊದ್ಲು ಆ ಹುಡುಗನ್ನ ಕರ್ಕೊಂಡು ಬಾ. ಆಮೇಲೆ ಕೂತ್ಕೊಂಡು ಬೈ.”

ಕಾರು ಸೊಟ್ಟಗೆ ಸಿಕ್ಕಿಕೊಂಡಿತ್ತು. ಅದರ ಬಾಗಿಲು ಎರಡಿಂಚು ತೆರೆದು ಸ್ಪಂಜಿಗೆ ತಾಗಿ ನಿಲ್ಲುತ್ತಿತ್ತು. ಅಮ್ಮ ಸೋಫಾದ ದಿಂಬಿನ ಮೇಲೆ ಕೂತು ಸ್ಟಿಯರಿಂಗನ್ನು ತೊಟ್ಟಿಲಿನಂತೆ ಹಿಡಿದಿದ್ದಳು.

“ನೀನಾ? ಸೀಟು… ಗೀರು… ನೀನಾ ಅಮ್ಮ?”

“ಆರು ವಾರದಿಂದ ಕಲೀತಿದ್ದೆ. ಬುಧವಾರ ಬುಧವಾರ. ಅವನು ಬೇಡ ಅಂದ, ಪುಟ್ಟಿಗೆ ಹೇಳ್ಲೇಬೇಕು ಅಂದ. ನಾನೇ ಕೈಮೇಲೆ ಕೈ ಹಾಕ್ಸಿಕೊಂಡು ಮಾತು ತಗೊಂಡೆ. ಈಗ ಮೂರು ವಾರದಿಂದ ಕೆಲಸ ಅಂತ ಬರ್ಲೇ ಇಲ್ಲ. ನಾನೇ ಕಾರು ತೆಗೆದ್ಬಿಟ್ಟೆ.”

“ನೇಲ್ ಪಾಲಿಶ್ ಬಳಿದ್ಯಲ್ಲ, ಗುಲಾಬಿ ಬಣ್ಣದ್ದು!”

“ಗುಲಾಬಿನಾ? ನಂಗೆ ಕೆಂಪೇ ಕಾಣ್ಸಿದ್ದು. ಊರೋರ ಕಣ್ಣೆಲ್ಲ ಪರೀಕ್ಷೆ ಮಾಡ್ತೀಯ, ಅಮ್ಮನ ಕಣ್ಣು ಯಾವತ್ತಾದ್ರೂ ನೋಡಿದೀಯಾ?”

ನಿಜ ತಿಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ಅವಳಿಗೆ ಹಾಗಾಗಲಿಲ್ಲ. ಒಬ್ಬನಿಂದ ಮೋಸ ಹೋದೆ ಎಂದುಕೊಂಡಿದ್ದವಳಿಗೆ ಈಗ ಇಬ್ಬರ ಲೆಕ್ಕ ಸಿಕ್ಕಿತು.

“ಇಬ್ರೂ ಸೇರ್ಕೊಂಡು ನನ್ನ ಮೂರ್ಖಳನ್ನ ಮಾಡಿದ್ರಿ! ಕೇಳಿದ್ರೆ ನಾನು ಬೇಡ ಅಂತಿದ್ನಾ?”

ಅಮ್ಮ ಒಳಗನ್ನಡಿಯಲ್ಲೇ ಮಗಳನ್ನು ನೋಡಿದಳು.

“ಅಂದಿದ್ಯಲ್ಲ. ಮುಟ್ಬೇಡ ಅಂತ ನಿಮ್ಮಪ್ಪ ಹನ್ನೊಂದು ವರ್ಷ ಅಂದ್ರು. ಅವರು ಹೋದ ದಿನಾನೇ ನೀನು ಶುರು ಮಾಡ್ದೆ. ನಂಗೂ ಅವರು ಕೂರ್ತಿದ್ದ ಜಾಗದಲ್ಲಿ ಒಂದ್ಸಲ ಕೂರ್ಬೇಕು ಅನ್ಸಲ್ವೇನೇ?”

ಅವಳು ರಸ್ತೆ ದಾಟಿದಳು. ಹನ್ನೊಂದು ಹೆಜ್ಜೆ, ಮೂರು ವಾರ ದಾಟಲಾಗದ ಹನ್ನೊಂದು ಹೆಜ್ಜೆ.

ಬಾಗಿಲು ತೆರೆದವನ ಗಡ್ಡ ಬೆಳೆದಿತ್ತು.

“ಅಮ್ಮ ಸಿಕ್ಕಾಕ್ಕೊಂಡಿದಾರೆ,” ಎಂದಳು.

“ಕಾರಲ್ಲಾ, ಸುಳ್ಳಲ್ಲಾ?”

“ಎರಡರಲ್ಲೂ. ಬನ್ನಿ.”

ಆ ಅಡುಗೆಮನೆಯ ಬಾಗಿಲು ಒಬ್ಬರು ನಿಲ್ಲುವಷ್ಟೇ ಅಗಲ. ಆ ದಿನ ಇಬ್ಬರು ನಿಂತರು. ಎದುರಿಗೆ ಕಾರಿನ ಮೂತಿ, ಗಾಜಿನ ಹಿಂದೆ ಅಮ್ಮನ ಹಣೆ.

“ಅಮ್ಮ, ಒಂದು ಗೇಣು ಹಿಂದಕ್ಕೆ ತಗೊಳ್ಳಿ. ಹಾಂ. ಈಗ ನೇರ ಮಾಡಿ. ನಿಧಾನ.”

“ನನಗೆ ಹೇಳ್ಬಹುದಿತ್ತು ನೀವು,” ಅವಳು ಕಾರನ್ನು ನೋಡುತ್ತಲೇ ಅಂದಳು.

“ಹೇಳ್ಬೇಕಿತ್ತು. ಎರಡು ಸಲ ಅಂಗಡಿ ಮೆಟ್ಟಿಲ ತನಕ ಬಂದು ವಾಪಸ್ ಹೋದೆ. ಅಮ್ಮನೇ ಹೇಳ್ಲಿ ಅಂತ ಕಾದೆ. ತಪ್ಪಾಯ್ತು.”

“ಮೂರು ವಾರ ಅತ್ತಿದೀನಿ. ಅದನ್ನ ಅಳೆಯೋಕೆ ನಿಮ್ಮ ಟೇಪು ಸಾಲುತ್ತಾ?”

“ಸಾಲಲ್ಲ.”

“ಒಂದ್ಸಲ ಬಾಗಿಲು ತಟ್ಟೋಕೂ ಆಗ್ಲಿಲ್ವಾ?”

“ನೀವು ಸಾಕು ಅಂದ್ರಿ. ಸಾಕು ಅಂದ್ಮೇಲೆ ನಿಲ್ಬೇಕು ಅಂತ ಎಲ್ಲರಿಗೂ ಹೇಳ್ಕೊಡೋನು ನಾನು. ನಾನೇ ಹೇಗೆ ಮುಂದೆ ಬರ್ಲಿ?”

ಅವಳು ಥಟ್ಟನೆ ತಿರುಗಿದಳು. ಕಣ್ಣು ತುಂಬಿತ್ತು.

“ನಿನ್ನ ಸಾಕು ಯಾವತ್ತೂ ನಾಲ್ಕು ಬೆರಳು ಮುಂಚೆ ಇರುತ್ತೆ. ನನ್ನದೂ ಹಾಗೇ ಇರ್ಬಹುದು ಅಂತ ಒಂದು ದಿನಾನೂ ಅನ್ನಿಸ್ಲಿಲ್ವಾ ನಿನಗೆ?”

ನಿನ್ನ… ನಿನಗೆ… ಅವನು ಆ ಏಕವಚನವನ್ನು ಎರಡೆರಡು ಸಲ ಕೇಳಿಸಿಕೊಂಡವನಂತೆ ನಿಂತ.

ಪೀಂ! ಅಮ್ಮ ಹಾರ್ನ್ ಒತ್ತಿದಳು. “ಏನ್ರೋ ಅಲ್ಲಿ ಗುಸುಗುಸು? ಬರ್ಲಾ, ಬೇಡ್ವಾ?”

“ಬರ್ಲಿ ಅಮ್ಮ, ಬರ್ಲಿ!” ಎಂದು ಕೂಗಿ ಅವನು ಅವಳ ಕಡೆ ತಿರುಗಿ ದನಿ ತಗ್ಗಿಸಿದ. “ನಾನು? ನಾನೂ ಬರ್ಲಾ?”

“ಕೋಪ ಇನ್ನೂ ಇದೆ.”

“ಎಷ್ಟಿದೆ?”

“ನಾಲ್ಕು ಬೆರಳು.”

“ನಿನ್ನ ಪ್ರೀತಿಸ್ತೀನಿ ಕಣೇ. ಅದನ್ನ ಮಾತ್ರ ಅಳತೆ ಮಾಡಿಲ್ಲ. ಈಗ ಸರಿ ಕಾಣುತ್ತಾ?”

“ಕಾಣಲ್ಲ. ಕಣ್ಣಲ್ಲಿ ನೀರಿದೆ. ಹತ್ತಿರ ಬಾ.”

“ಬರ್ಲಾ?”

“ಬರ್ಲಿ…” ಅವಳು ಅವನ ಅಂಗಿಯ ಜೇಬು ಹಿಡಿದು ಎಳೆದಳು. ಟೇಪು ಕೆಳಗೆ ಬಿತ್ತು. “ಬರ್ಲಿ… ಬರ್ಲಿ…”

ಸಾಕು ಎಂದು ಯಾರೂ ಹೇಳಲಿಲ್ಲ. ಅಮ್ಮ ತಾನೇ ಬ್ರೇಕ್ ಹಾಕಿದಳು. ಗೋಡೆಗೆ ಎರಡು ಬೆರಳು ಉಳಿದಿತ್ತು. ಕಾರಿಗೆ ಏನೂ ಆಗಲಿಲ್ಲ.