ಶನಿವಾರ ಮಾತ್ರ ಖಾಲಿ

ನಲ್ಲಿಯಲ್ಲಿ ನೀರು ಬಂದ ಬೆಳಿಗ್ಗೆ ಚಳ್ಳಕೆರೆಯ ಆ ಓಣಿಯಲ್ಲಿ ಯಾರಿಗೂ ಯಾರ ಮುಖ ನೋಡಲೂ ಪುರುಸೊತ್ತಿರುವುದಿಲ್ಲ. ಚಿತ್ರಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೊಡ ತುಂಬಿಸುತ್ತಿದ್ದಳು.

"ಚಿತ್ರಾ..."

ಆ ದನಿ!

ಕೊಡ ಓರೆಯಾಗಿ ನೀರು ಕಾಲ ಮೇಲೆ ಚೆಲ್ಲಿತು. ಎರಡು ವರ್ಷ ಕೇಳದಿದ್ದರೂ ಕೆಲವು ದನಿಗಳನ್ನು ಕಿವಿ ಮರೆಯುವುದಿಲ್ಲ.

ತಲೆ ಎತ್ತಿದಳು. ಗಂಡ ಓಬಳೇಶ್ ನಿಂತಿದ್ದ. ಹೆಗಲಲ್ಲೊಂದು ಕಪ್ಪು ಚೀಲ. ಮುಖದಲ್ಲಿ ಏನೋ ಕಮ್ಮಿಯಾಗಿತ್ತು...

ಮೀಸೆ! ಮದುವೆಯ ದಿನ ಬಾಸಿಂಗಕ್ಕಿಂತ ಮೊದಲು ಎಲ್ಲರ ಕಣ್ಣಿಗೆ ಬಿದ್ದಿದ್ದ ಆ ದಪ್ಪ ಮೀಸೆ ಇರಲಿಲ್ಲ.

'ಯಾರಿಗೋಸ್ಕರ ಬೋಳಿಸಿಕೊಂಡಿರಬಹುದು?' ಮನಸ್ಸಿಗೆ ಮೊದಲು ಬಂದದ್ದೇ ಆ ಮಾತು.

"ಯಾಕೆ ಬಂದ್ರಿ?"

"ಡಾಕ್ಟರಮ್ಮ ನಿನ್ನ ಕರ್ಕಂಡು ಬಾ ಅಂದ್ರು."

"ನನಗೇನಾಗೈತೆ?"

"ನಿನಗಲ್ಲ, ನನಗೆ. ರಾತ್ರಿ ನಿದ್ದೇಲಿ ಉಸಿರು ನಿಲ್ತೈತಂತೆ. ಮನೆಯವರನ್ನ ಕರ್ಕಂಡು ಬರ್ರಿ ಅಂದ್ರು. ಹೆಂಡ್ತಿ ತವರಿಗೆ ಹೋಗವಳೆ ಅನ್ನಾಕೆ ಬಾಯಿ ಬರ್ಲಿಲ್ಲ."

ಹಿಂದೆ ಸಾಲಿನಲ್ಲಿದ್ದ ಬೋರಕ್ಕನಿಗೆ ತಾಳ್ಮೆ ಕೆಟ್ಟಿತು. "ಏ ಚಿತ್ರಾ, ಗಂಡನ್ನ ಆಮ್ಯಾಲೆ ನೋಡ್ಕಳ್ಳೇ! ಅವನೆಲ್ಲಿಗೋಗ್ತಾನೆ? ನೀರು ಹೋಗ್ತೈತೆ!"

ಬಾಗಿಲ ಸಂದಿಯಿಂದ ಏಳು ವರ್ಷದ ರಶ್ಮಿತಾ ಇಣುಕಿದಳು. "ಅವ್ವಾ, ನೀನೂ..."

"ಒಳಗೋಗು."

ಮಗು ಮಾತು ನುಂಗಿಕೊಂಡಿತು. ಅದು ಅವಳಿಗೆ ಅಭ್ಯಾಸವಾಗಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅಜ್ಜಿ ಕ್ಯಾತಮ್ಮ ಬಂದು ಅವಳನ್ನು ಬಿ.ಜಿ. ಕೆರೆಗೆ, ಅಪ್ಪನ ಮನೆಗೆ ಕರೆದೊಯ್ಯುತ್ತಿದ್ದಳು. ಭಾನುವಾರ ಸಂಜೆ ತಂದು ಬಿಡುತ್ತಿದ್ದಳು. ಚಿತ್ರಾ ಹಾಕಿದ ಕಟ್ಟಳೆ ಒಂದೇ: ಅಲ್ಲಿನ ಸುದ್ದಿ ಇಲ್ಲಿ ಬೇಡ.

ಎರಡು ವರ್ಷದ ಹಿಂದೆ ಚಿತ್ರಾಳ ಅಪ್ಪ ತೀರಿಕೊಂಡಿದ್ದರು. ಕಾರ್ಯವೆಲ್ಲ ಮುಗಿಸಿ ಗಂಡನ ಮನೆಗೆ ಮರಳಿದ ಮೇಲೆ, ನೆಂಟರ ಮುಂದೆ ಗಟ್ಟಿಯಾಗಿ ನಿಂತಿದ್ದವಳು ಗಂಡನ ಪಕ್ಕ ಕೂತು ಮೊದಲ ಸಲ ಮನಸ್ಸು ಬಿಚ್ಚಿದಳು. ಕೊನೆ ಗಳಿಗೆಯಲ್ಲಿ ಅಪ್ಪ ನೀರು ಕೇಳಿದ್ದು, ತಾನು ಹೊರಗಿದ್ದದ್ದು... ಹೇಳುತ್ತ ಹೇಳುತ್ತ ಅಳುತ್ತಿರುವಾಗ ಪಕ್ಕದಿಂದ ಗೊರಕೆ ಕೇಳಿಸಿತು.

"ಗೋಡೆ ಮುಂದೆ ಅತ್ತಿದ್ರೆ ಗೋಡೆ ಗೊರಕೆ ಹೊಡೀತಿರ್ಲಿಲ್ಲ!" ಎಂದವಳು ಮರುದಿನವೇ ಮಗುವನ್ನು ಕರೆದುಕೊಂಡು ತವರಿನ ಬಸ್ಸು ಹತ್ತಿದ್ದಳು.

ಈಗಲೂ ಬರುವುದಿಲ್ಲ ಎಂದೇ ಹೇಳಬಹುದಿತ್ತು. ಆದರೆ 'ಉಸಿರು ನಿಲ್ತೈತಂತೆ' ಎಂಬ ಮಾತು ಕಾಲಿಗೆ ತೊಡರಿಕೊಂಡಿತು. ಕೊಡ ಒಳಗಿಟ್ಟು ಚಪ್ಪಲಿ ಮೆಟ್ಟಿದಳು.

ಡಾಕ್ಟರ್ ದ್ರಾಕ್ಷಾಯಣಮ್ಮ ದೊಡ್ಡ ಊರಿನಿಂದ ಚಳ್ಳಕೆರೆಯ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುವ ತಜ್ಞೆ. ಓಬಳೇಶನ ಕಪ್ಪು ಚೀಲದಿಂದ ಉಸಿರಿನ ಯಂತ್ರ ಹೊರಬಂತು. ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೊಂದು ಉದ್ದ ಕೊಳವೆ, ಕೊಳವೆಯ ತುದಿಗೆ ಮೂಗು ಮುಚ್ಚುವ ಮಾಸ್ಕು. ಡಾಕ್ಟರಮ್ಮ ಅದರೊಳಗಿಂದ ಸಣ್ಣ ಕಾರ್ಡೊಂದನ್ನು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದರು. ಪರದೆಯ ಮೇಲೆ ಗೆರೆಗಳು ಎದ್ದು ನಿಂತವು.

"ಪ್ರತಿ ರಾತ್ರಿ ನಡೆದಿದ್ದನ್ನ ಈ ಮಿಷನ್ನು ಕಾರ್ಡಿನಲ್ಲಿ ಬರೆದಿಡುತ್ತಮ್ಮ. ಎಷ್ಟು ಹೊತ್ತು ಹಾಕ್ಕೊಂಡ್ರು, ಗಾಳಿ ಎಷ್ಟು ಸೋರಿತು, ಹಾಕ್ಕೊಂಡ ಮೇಲೂ ಉಸಿರು ಎಷ್ಟು ಸಲ ನಿಂತಿತು... ಅದನ್ನ ನೋಡಿ ನಾನು ಗಾಳಿಯ ಒತ್ತಡ ಹೆಚ್ಚು ಕಮ್ಮಿ ಮಾಡ್ತೀನಿ. ನಿದ್ದೇಲಿ ಏನಾಯ್ತು ಅಂತ ರೋಗಿಯನ್ನ ಕೇಳಿದ್ರೆ ಅವನೇನು ಹೇಳ್ತಾನೆ, ಪಾಪ?"

"ಮಿಷನ್ನು ಬರೋಕೆ ಮುಂಚೆ ಹೆಂಗಿತ್ತು?" ಚಿತ್ರಾ ಕೇಳಿದಳು.

"ಗಂಟೆಗೆ ನಲವತ್ತು ಸಲ ಗಂಟಲು ಮುಚ್ಚಿಕೊಂಡು ಉಸಿರು ನಿಲ್ತಿತ್ತು. ಪ್ರತಿ ಸಲ ಮೈ ಗಾಬರಿಯಿಂದ ಒಂಚೂರು ಎಚ್ಚರಾಗುತ್ತೆ, ಇವರಿಗೆ ಗೊತ್ತೇ ಆಗಲ್ಲ. ನೋಡೋರಿಗೆ ರಾತ್ರಿಯೆಲ್ಲ ಮಲಗಿದಂತೆ ಕಾಣುತ್ತೆ. ನಿಜವಾದ ನಿದ್ದೆ ಮಾತ್ರ ಇಲ್ಲ. ಅದಕ್ಕೇ ಕೂತಲ್ಲಿ, ನಿಂತಲ್ಲಿ ತೂಕಡಿಸಿಬಿಡ್ತಾರೆ. ಎದುರಿಗಿರೋರು ಮಾತಾಡ್ತಿರುವಾಗಲೇ ಮಲಗಿಬಿಡ್ತಿದ್ರಾ?"

ಚಿತ್ರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

'ಹಾಗಾದರೆ ಆವತ್ತು... ಬೇಕಂತ ಅಲ್ಲವಾ?'

"ಇಲ್ಲಿ ನೋಡಿ," ಡಾಕ್ಟರಮ್ಮನ ಬೆರಳು ಎತ್ತರದ ಗೆರೆಗಳ ಮೇಲೆ ಓಡಿತು. "ಮೊದಲನೇ ತಿಂಗಳು ಗಾಳಿಯೆಲ್ಲ ಸೋರಿಹೋಗಿದೆ. ಮಾಸ್ಕು ಮುಖಕ್ಕೆ ಕೂರೋಕೆ ಮೀಸೆ ಅಡ್ಡ. ತೆಗೀರಿ ಅಂದ್ರೆ, ತಲೆ ಬೇಕಾದ್ರೆ ತೆಗೀತೀನಿ ಅಂದ್ರು ಈ ಮಹಾರಾಯ! ಕೊನೆಗೆ ಬೋಳಿಸಿದ್ರು. ಆಮೇಲೆ ನೋಡಿ, ಸೋರೋದು ನಿಂತಿದೆ. ಒತ್ತಡ ಒಂಚೂರು ಏರಿಸಿದೆ. ಈಗ ಗಂಟೆಗೆ ಮೂರೋ ನಾಲ್ಕೋ ಸಲ, ಅಷ್ಟೇ."

ಓಬಳೇಶ್ ತುಟಿಯ ಮೇಲಿನ ಬೋಳು ಜಾಗವನ್ನು ಸವರಿಕೊಂಡ. ಚಿತ್ರಾಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಯಾರಿಗೋಸ್ಕರವೂ ಅಲ್ಲ... ಗಾಳಿಗೋಸ್ಕರ!

"ಆದರೆ ಇದು ನನಗೆ ಅರ್ಥ ಆಗ್ತಿಲ್ಲ." ಡಾಕ್ಟರಮ್ಮನ ದನಿ ಬದಲಾಯಿತು. "ಶಿವರಾತ್ರಿ ಕಳೆದಾಗಿನಿಂದ ವಾರಕ್ಕೊಂದು ರಾತ್ರಿ ಪೂರ್ತಿ ಖಾಲಿ. ಪ್ರತಿ ಶನಿವಾರ! ಕರೆಂಟು ಶನಿವಾರ ನೋಡಿಕೊಂಡು ಹೋಗಲ್ಲ. ಕೇಳಿದ್ರೆ ಇವರು ಬಾಯಿ ಬಿಡಲ್ಲ. ಮಿಷನ್ನು ಸುಳ್ಳು ಹೇಳಲ್ಲಮ್ಮ, ಆದರೆ ಯಾಕೆ ಅಂತಾನೂ ಹೇಳಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು."

ಶನಿವಾರ!

ನಗು ಅಲ್ಲೇ ಆರಿತು. ಮಗಳು ಅಲ್ಲಿರುವ ರಾತ್ರಿ... ಆ ರಾತ್ರಿಯೇ ಇವನು ಹಾಸಿಗೆಯಲ್ಲಿಲ್ಲ!

ಆಸ್ಪತ್ರೆಯ ಹೊರಗೆ ಬೇವಿನ ಮರದಡಿ ಅವಳು ತಿರುಗಿ ನಿಂತಳು.

"ಶನಿವಾರ ರಾತ್ರಿ ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಮನೇಲೇ ಇರ್ತೀನಿ."

"ಮನೇಲಿದ್ರೆ ಮಿಷನ್ನು ಯಾಕೆ ಸುಮ್ನಿರ್ತೈತೆ?"

ಓಬಳೇಶ್ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

"ನನ್ನ ಮಗಳನ್ನ ಅಜ್ಜಿ ಹತ್ರ ಬಿಟ್ಟು... ಬ್ಯಾಡ ಬಿಡ್ರಿ, ನನ್ನ ಬಾಯಲ್ಲಿ ಯಾಕೆ? ಈ ಶನಿವಾರದಿಂದ ಅವಳು ಬರಲ್ಲ!"

"ಚಿತ್ರಾ, ಅದೊಂದು ಮಾಡಬ್ಯಾಡ..."

ಅವಳು ಅದಾಗಲೇ ರಸ್ತೆ ದಾಟಿದ್ದಳು.

ಶನಿವಾರ ಮಧ್ಯಾಹ್ನ ಕ್ಯಾತಮ್ಮ ಎಂದಿನಂತೆ ಬಂದು ಜಗಲಿಯಲ್ಲಿ ಕೂತಳು. ಕಳಿಸುವುದಿಲ್ಲ ಎಂಬ ಮಾತನ್ನು ಚಿತ್ರಾ ನಾಲಿಗೆಯ ಮೇಲೆ ಸಿದ್ಧವಾಗಿಟ್ಟುಕೊಂಡಿದ್ದಳು. ಅಷ್ಟರಲ್ಲಿ ರಶ್ಮಿತಾ ತಲೆ ಬಾಚಿಕೊಂಡು, ಚೀಲ ಬೆನ್ನಿಗೇರಿಸಿಕೊಂಡು, ಚಪ್ಪಲಿಯನ್ನೂ ಹಾಕಿಕೊಂಡು ಬಂದು ನಿಂತಳು. ಮಗುವಿನ ಮುಖ ನೋಡಿದ ಮೇಲೆ ಆ ಮಾತು ಹೊರಗೆ ಬರಲಿಲ್ಲ.

ಚಿತ್ರಾ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿದಳು. "ನಾನೂ ಬರ್ತೀನಿ ಅತ್ತೆ."

ಕ್ಯಾತಮ್ಮ ಕಣ್ಣರಳಿಸಿದಳು. ಬಸ್ಸಿನಲ್ಲಿ ಸೊಸೆಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು.

ಬಿ.ಜಿ. ಕೆರೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಮನೆ ಹಾಗೇ ಇತ್ತು. ಒಳಗೆ ಮಂಚದ ಪಕ್ಕದ ಗೂಡಿನಲ್ಲಿ ಯಂತ್ರವನ್ನು ಹಳೇ ಟವಲ್ಲಿನಿಂದ ಯಾರಿಗೂ ಕಾಣದಂತೆ ಮುಚ್ಚಿಡಲಾಗಿತ್ತು. ನೆತ್ತಿಯ ಮೇಲೆ ಪೊರಕೆಯ ಸದ್ದು.

ಚಿತ್ರಾ ಏಣಿ ಹತ್ತಿ ಮಾಳಿಗೆಯ ಅಂಚಿಗೆ ತಲೆ ಎತ್ತಿದಳು. ಓಬಳೇಶ್ ಬಿಸಿಲಿಗೆ ಕಾದ ಮಣ್ಣಿನ ಚಾವಣಿ ಗುಡಿಸಿ, ನೀರು ಚಿಮುಕಿಸಿ, ಎರಡು ಕಂಬಳಿ ಹಾಸುತ್ತಿದ್ದ. ಒಂದು ದೊಡ್ಡದು. ಪಕ್ಕದಲ್ಲಿ ಒಂದು ಸಣ್ಣದು.

ಅವಳನ್ನು ಕಂಡು ಅವನ ಕೈ ನಿಂತಿತು.

"ಇದೇನ್ರಿ?"

"ಚಳಿಗಾಲ್ದಾಗೆ ಅಜ್ಜಿ ಪಕ್ಕ ಒಳಗೆ ಮಲಗ್ತಿದ್ಲು. ಈಗ ಸೆಖೆ ಅಲ್ವಾ... ಮಗಳು ಮಾಳಿಗೆ ಮ್ಯಾಲೇ ಮಲಗಬೇಕು ಅಂತಾಳೆ. ವಾರಕ್ಕೊಂದಿನ ಬರೋಳು ನನ್ನ ಕೇಳೋದು ಇದೊಂದೇ."

"ಮಿಷನ್ನು?"

"ವೈರು ಇಲ್ಲಿಗೆ ಸಾಲಲ್ಲ." ಕಂಬಳಿಯ ಅಂಚು ಸರಿಮಾಡುತ್ತ ಅವನೇ ಹೇಳಿದ. "ಅದೂ ನೆಪ ಅನ್ನು. ಅದನ್ನ ಮುಖಕ್ಕೆ ಕಟ್ಕಂಡ್ರೆ ಸೊಂಡಿಲು ಬಂದಂಗೆ ಕಾಣ್ತೀನಿ. ವಾರಕ್ಕೊಂದಿನ ನೋಡೋ ಅಪ್ಪನ್ನ ಮಗು ನೋಡಿ ಹೆದರ್ಕಂಡ್ರೆ? ಡಾಕ್ಟರಮ್ಮಂಗೆ ಹೇಳಿದ್ರೆ ಮಾಳಿಗೆ ಬ್ಯಾಡ ಅಂತಾರೆ. ನಿಂಗೆ ಹೇಳಿದ್ರೆ ನೀನು ಕಳಿಸೋದೇ ಇಲ್ಲ. ಅದಕ್ಕೆ ಶನಿವಾರ ಮಲಗೋದೇ ಇಲ್ಲ. ಎಚ್ಚರಾಗೇ ಕೂತಿರ್ತೀನಿ."

"ಸುಳ್ಳು!"

ಅದು ರಶ್ಮಿತಾ. ಅವ್ವನ ಹಿಂದೆಯೇ ಏಣಿ ಹತ್ತಿ, ಅವಳನ್ನು ದಾಟಿ ಮೇಲೆ ಬಂದಿದ್ದಳು.

"ಅಪ್ಪ ಮಲಗ್ತಾನೆ ಕಣವ್ವಾ. ಕೂತ್ಕಂಡೇ ಮಲಗ್ತಾನೆ. ಗೊರ್ ಗೊರ್ ಅಂತಾನೆ, ಆಮ್ಯಾಲೆ ಸದ್ದೇ ಇರಲ್ಲ. ಆವಾಗ ನಾನು ಕಿವಿ ಎಳೀತೀನಿ. ಮತ್ತೆ ಉಸಿರಾಡ್ತಾನೆ."

ಓಬಳೇಶ್ ಕಂಬಳಿಯ ಮೇಲೆ ಕೂತು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. "ನೀನು... ಎದ್ದಿರ್ತೀಯೇನಮ್ಮ?"

"ನಾನು ಮಲಗಿದ್ರೆ ಯಾರು ಎಳೀತಾರೆ?"

ಚಿತ್ರಾ ಏಣಿಯ ಮೆಟ್ಟಿಲನ್ನು ಬಿಗಿಯಾಗಿ ಹಿಡಿದುಕೊಂಡಳು. ಮದುವೆಯಾದ ಹೊಸದರಲ್ಲಿ, ಪಕ್ಕದಲ್ಲಿ ಸದ್ದು ನಿಂತಾಗಲೆಲ್ಲ ಅವಳೂ ಕಿವಿಯನ್ನೇ ಎಳೆಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ತಾನು ಬಿಟ್ಟುಹೋದ ಕಾವಲನ್ನು ಈ ಪುಟ್ಟ ಕೈ ವಹಿಸಿಕೊಂಡಿತ್ತು... ಭಾನುವಾರ ಸಂಜೆ ಬಂದ ಮಗು ಊಟದ ತಟ್ಟೆ ಮುಂದೆಯೇ ತೂಕಡಿಸುತ್ತಿದ್ದದ್ದು ಆಟದ ದಣಿವಿಗಲ್ಲ!

"ಆ ಮಾಸ್ಕು ನೋಡಿದ್ರೆ ನಿಂಗೆ ಭಯ ಆಗಲ್ವೇನೇ?" ಚಿತ್ರಾ ಕೇಳಿದಳು.

"ಅದನ್ನ ಯಾವತ್ತೋ ನೋಡೀನಿ, ಟವಲ್ ಎತ್ತಿ. ಹಾಕ್ಕಂಡ್ರೆ ಅಪ್ಪ ಗಣಪ್ಪನಂಗೆ ಕಾಣ್ತಾನೆ, ಅಷ್ಟೇ."

ಕೆಳಗೆ ಒಲೆ ಮುಂದಿದ್ದ ಕ್ಯಾತಮ್ಮ ಗಟ್ಟಿಯಾಗಿ ನಕ್ಕಳು. "ಹೊಟ್ಟೆ ಒಂದು ಕಮ್ಮಿ ಐತೆ ನೋಡವ್ವ!"

ಚಿತ್ರಾ ನಗಲಿಲ್ಲ. ಮಾಳಿಗೆಗೆ ಹತ್ತಿ ಬಂದು ಗಂಡನ ಎದುರು ಕೂತಳು.

"ಇಷ್ಟು ದಿನ ಒಂದು ಮಾತು ಹೇಳಬಾರದಿತ್ತಾ?"

"ಹೇಳೋ ಮುಖ ಎಲ್ಲಿತ್ತು? ನಿನ್ನಪ್ಪ ಹೋದಾಗ ನೀನು ಅಳ್ತಿದ್ದೆ. ನಾನು... ಮಿಷನ್ನು ಹಾಕ್ಕಂಡು ಮೊದಲ ಸಲ ಚೆನ್ನಾಗಿ ಮಲಗಿ ಎದ್ದ ಬೆಳಿಗ್ಗೆ ನಂಗೆ ನೆಪ್ಪಾಗಿದ್ದು ಅದೇ. ಅವರು ನೀರು ಕೇಳಿದ್ರು ಅಂದೆ. ಅಲ್ಲಿಗಂಟ ಕೇಳಿಸ್ಕಂಡಿದ್ದೆ ಚಿತ್ರಾ. ಅದರ ಮುಂದಿಂದು ಗೊತ್ತಿಲ್ಲ." ಅವನ ದನಿ ತಗ್ಗಿತು. "ಅದನ್ನ ಹೇಳು. ಈಗ ಕೇಳ್ತೀನಿ. ಪೂರ್ತಿ ಕೇಳ್ತೀನಿ."

ಎರಡು ವರ್ಷದಿಂದ ಎದೆಯಲ್ಲಿ ಕೂತಿದ್ದ ಮಾತು. ಯಾವತ್ತಾದರೂ ಇವನು ಕೇಳಿದರೆ ಕೂಗಾಡಿಯೇ ಹೇಳಬೇಕು ಎಂದುಕೊಂಡಿದ್ದಳು. ಈಗ ಅದು ಮೆಲ್ಲಗೆ ಬಂತು.

"ನಾನು ಹೊರಗೆ ಬಟ್ಟೆ ಒಣಗಾಕ್ತಿದ್ದೆ. ನೀರು ತಗಂಡು ಬರೋ ಹೊತ್ತಿಗೆ..."

ಅವಳು ಹೇಳಿದಳು. ಓಬಳೇಶ್ ಕೇಳಿದ. ಮಾತು ಮುಗಿದ ಮೇಲೂ ಅವನ ಕಣ್ಣುಗಳು ತೆರೆದೇ ಇದ್ದವು, ತುಂಬಿಕೊಂಡಿದ್ದವು. ಅವಳ ಕೈಯನ್ನು ತನ್ನ ಎರಡೂ ಅಂಗೈಯಲ್ಲಿ ಇಟ್ಟುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು ಅವಳೇ ಎದ್ದಳು. "ಮೈಕ್‌ಸೆಟ್ ಪೆದ್ದಣ್ಣನ ಮನೇಲಿ ಉದ್ದನೇ ವೈರು ಇರ್ತೈತಲ್ಲ, ಹೋಗಿ ತಗಂಡು ಬರ್ರಿ."

"ಕರೆಂಟು ಹೋದ್ರೆ?"

"ಹೋದ್ರೆ ಕಿವಿ ಐತಲ್ಲ!"

ವೈರು ಬಂತು. ಕಿಟಕಿಯಿಂದ ಹೊರಬಂದು, ಗೋಡೆ ಹತ್ತಿ, ಮಾಳಿಗೆಯವರೆಗೂ ಮುಟ್ಟಿತು. ಓಬಳೇಶ್ ಮಾಸ್ಕು ಮುಖಕ್ಕಿಟ್ಟು ನೋಡಿದಾಗ ರಶ್ಮಿತಾ ಕೈ ಮುಗಿದು ಗಣಪ್ಪನಿಗೆ ಒಂದು ಸುತ್ತು ಬಂದಳು. ದೂರದ ರಸ್ತೆಯಲ್ಲಿ ಚಳ್ಳಕೆರೆಯ ಕಡೇ ಬಸ್ಸು ಹಾರನ್ ಹೊಡೆದು ಹೊರಟಿತು. ಅದು ಎಲ್ಲರಿಗೂ ಕೇಳಿಸಿತು, ಯಾರೂ ಬಸ್ಸಿನ ಮಾತೆತ್ತಲಿಲ್ಲ.

ಕೆಳಗಿಂದ ಕ್ಯಾತಮ್ಮ ಮೂರನೇ ಕಂಬಳಿಯನ್ನು ಮೇಲಕ್ಕೆ ಎಸೆದಳು. ಅದು ಬಂದು ಚಿತ್ರಾಳ ಕೈಗೇ ಬಿತ್ತು.

ರಶ್ಮಿತಾ ಕಂಬಳಿಯನ್ನು ನೋಡಿದಳು. ಅವ್ವನನ್ನು ನೋಡಿದಳು. ಎಷ್ಟೋ ಶನಿವಾರಗಳಿಂದ ನುಂಗಿಕೊಂಡೇ ಬಂದಿದ್ದ ಮಾತು. ಒಳಗೋಗು ಎಂದು ಅವ್ವ ಗದರುತ್ತಾಳೇನೋ ಎಂದು ಒಂದು ಗಳಿಗೆ ಕಾದಳು. ಅವ್ವ ಗದರಲಿಲ್ಲ.

"ಅವ್ವಾ... ನೀನು ಯಾವ ಕಡೆ ಮಲಗ್ತೀಯಾ?"