ಬಾಲ ಸುಟ್ಟ ಬೆಕ್ಕಿನ ಬಿ.ಪಿ.

ಯಲ್ಲಾಲಿಂಗನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ ನರ್ಸ್ ವೈಶಾಲಿ ಮುಳ್ಳನ್ನು ಎರಡು ಸಲ ನೋಡಿದಳು. ನೂರಾ ಅರವತ್ತು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ, ಮೂವತ್ತೆರಡರ ಗಟ್ಟಿ ಆಳಿಗೆ ಇಷ್ಟು ಬಿ.ಪಿ. ಇರಬಾರದು.

ಹಿಪ್ಪರಗಿ ಹತ್ತಿರದ ಆ ಸಣ್ಣ ಆರೋಗ್ಯ ಕೇಂದ್ರಕ್ಕೆ ಅವನು ಬಂದದ್ದು ಸರ್ಟಿಫಿಕೇಟಿಗಾಗಿ. ಜಮಖಂಡಿಯ ಶಾಲೆಯೊಂದರಲ್ಲಿ ಬಸ್ ಡ್ರೈವರ್ ಕೆಲಸ ಸಿಕ್ಕಿತ್ತು. ಆರೋಗ್ಯ ಸರಿಯಿದೆಯೆಂದು ಶುಕ್ರವಾರದೊಳಗೆ ಡಾಕ್ಟರು ಬರೆದುಕೊಡಬೇಕಿತ್ತು. ಅವತ್ತು ಬುಧವಾರ.

ಡಾಕ್ಟರ್ ರೇಷ್ಮಾ ಸೊಲ್ಲಾಪುರದವರು, ಕನ್ನಡ ಇನ್ನೂ ಕಲಿಯುತ್ತಿದ್ದರು. "ನಿಮಗೆ ಏನು ಆಗುತ್ತದೆ?" ಎಂದು ಒಂದೊಂದೇ ಪದ ಬಿಡಿಸಿ ಕೇಳಿದರು.

"ಮೈಮ್ಯಾಲ ಇರಿವಿ ಬಿಟ್ಟಂಗ ಆಗತೈತ್ರಿ."

ಡಾಕ್ಟರು ತುರಿಕೆಯ ಗುಳಿಗೆ ಬರೆಯತೊಡಗಿದರು. ವೈಶಾಲಿಗೆ ನಗು ತಡೆಯುವುದೇ ಕಷ್ಟವಾಯಿತು. "ತುರಿಕಿ ಅಲ್ರಿ ಮೇಡಂ. ಜೀವಕ್ಕ ಚಡಪಡಿಕಿ, ಒಂದ ಕಡೆ ಕುಂದ್ರಾಕ ಆಗಂಗಿಲ್ಲ ಅಂತ ಅರ್ಥ."

ಯಲ್ಲಾಲಿಂಗ ಅವಳನ್ನೊಮ್ಮೆ ನೋಡಿ, ಕೂಡಲೇ ಗೋಡೆಯ ಲಸಿಕೆ ಚಾರ್ಟನ್ನು ಓದತೊಡಗಿದ. ಊರಿಗೆ ಊರೇ ಅವಳನ್ನು ಸಿಸ್ಟರ್ ಎನ್ನುತ್ತಿತ್ತು. ತಾಯಿಯ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲು ಬರುತ್ತಿದ್ದ ದಿನಗಳಿಂದಲೂ ಇವನೊಬ್ಬ ಮಾತ್ರ 'ರೀ' ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದ.

ಗುರುವಾರ ನೂರಾ ಅರವತ್ತೆರಡು.

"ನಸುಕಿನ್ಯಾಗ ಎದ್ದು ಬಾಲಾ ಸುಟ್ಟ ಬೆಕ್ಕಿನಂಗ ಅಂಗಳದಾಗ ತಿರಗ್ಯಾಡೀನ್ರಿ," ಎಂದ.

"ಬೆಕ್ಕು ಕಚ್ಚಿದೆಯಾ?" ಡಾಕ್ಟರು ಗಾಬರಿಯಾದರು. "ಇಂಜೆಕ್ಷನ್ ಬೇಕು."

"ಇಲ್ರಿ ಮೇಡಂ. ಬೆಕ್ಕು ಇವರ ಆಗ್ಯಾರ," ಎಂದಳು ವೈಶಾಲಿ. "ಏನೋ ಚಿಂತಿ. ನಿಂತಲ್ಲಿ ನಿಲ್ಲಾಕ ಆಗವಲ್ದು."

ಡಾಕ್ಟರು ನಕ್ಕು, ಇಂಗ್ಲಿಷಿನಲ್ಲಿ ಇದಕ್ಕೆ ಹೊಟ್ಟೆಯೊಳಗೆ ಚಿಟ್ಟೆ ಹಾರುವುದು ಎನ್ನುತ್ತಾರೆ ಎಂದರು. ಚಿಟ್ಟೆ ಅಂದರೇನೆಂದು ಯಲ್ಲಾಲಿಂಗನ ಕಣ್ಣು ವೈಶಾಲಿಯನ್ನು ಕೇಳಿತು.

"ಪಾತರಗಿತ್ತಿ," ಎಂದಳು ಮೆಲ್ಲಗೆ.

ಅವನು ಗಂಭೀರವಾಗಿ ಯೋಚಿಸಿದ. "ಪಾತರಗಿತ್ತಿ ಭಾಳ ಸಣ್ಣದಾತ್ರಿ. ನನಗ ಎದಿಯಾಗ ಪಾರಿವಾಳ ಪಟಪಟ ರೆಕ್ಕಿ ಬಡದಂಗ ಆಗತೈತಿ."

ಅದರ ಅರ್ಥವನ್ನು ವೈಶಾಲಿ ಹೇಳಲಿಲ್ಲ. ಡಾಕ್ಟರು ಕೇಳಲೂ ಇಲ್ಲ. ಇಬ್ಬರ ಮುಖವನ್ನೂ ನೋಡಿ, ನಾಳೆ ಮತ್ತೊಮ್ಮೆ ಬರಲು ಅವನಿಗೆ ಹೇಳಿದರು.

ಶುಕ್ರವಾರ ಅವಳನ್ನು ಔಷಧ ಕೋಣೆಗೆ ಕಳಿಸಿ, ಡಾಕ್ಟರು ತಾವೇ ಪಟ್ಟಿ ಕಟ್ಟಿದರು. ಅವಳು ಮರಳಿ ಬರುವಷ್ಟರಲ್ಲಿ ಸರ್ಟಿಫಿಕೇಟಿಗೆ ಸಹಿ ಬೀಳುತ್ತಿತ್ತು. ಬಿ.ಪಿ. ನೂರಾ ಇಪ್ಪತ್ತೆರಡು.

"ಈಗ ಇದರ ಅರ್ಥ ಹೇಳಿ ಸಿಸ್ಟರ್," ಎಂದರು ಡಾಕ್ಟರು.

ಔಷಧ ಕೊಡುವ ಮುರಗೆಪ್ಪ ಜೋರಾಗಿ ನಕ್ಕ. "ಎಲ್ಲಾ ನಮ್ಮ ಸಿಸ್ಟರ್ ಕೈಗುಣ."

ಆ ನಗು ವೈಶಾಲಿಗೆ ಚುಚ್ಚಿತು. ಎರಡು ವರ್ಷದ ಹಿಂದೆ ನಿಶ್ಚಯವಾದ ಅವಳ ಮದುವೆ ಮುರಿದಾಗ, ತನ್ನೂರು ಬನಹಟ್ಟಿಯ ಓಣಿಯಲ್ಲಿ ಮಗ್ಗದ ಸದ್ದಿನ ನಡುವೆಯೂ ಅವಳಿಗೆ ಇಂಥದೇ ನಗು ಕೇಳಿಸುತ್ತಿತ್ತು. ಕಾಗದವನ್ನು ಯಲ್ಲಾಲಿಂಗನ ಮುಖ ನೋಡದೆ ಕೊಟ್ಟಳು. "ಕೆಲಸ ಆತಲ್ರಿ. ಹೋಗ್ರಿ."

ಅವನು ಹೋದ. ಮತ್ತೆ ಬರಲಿಲ್ಲ.

ಬರಬಾರದೆಂದು ಅವಳೇ ಅಂದುಕೊಂಡಿದ್ದಳು. ಆದರೂ ಸೋಮವಾರದಿಂದ ಬಾಗಿಲಲ್ಲಿ ಟ್ರ್ಯಾಕ್ಟರ್ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಕೂರುವಳು, ಏಳುವಳು, ಬರೆದ ಚೀಟಿಯನ್ನೇ ಮತ್ತೆ ಬರೆಯುವಳು. ಬುಧವಾರ ಡಾಕ್ಟರು ಕನ್ನಡಕ ತೆಗೆದು ಕೇಳಿದರು:

"ಸಿಸ್ಟರ್, ನಿಮ್ಮ ಮೈಮೇಲೆ ಇರುವೆ ಯಾರು ಬಿಟ್ಟರು?"

ಈ ಸಲ ತಿದ್ದಲು ಡಾಕ್ಟರ ಕನ್ನಡದಲ್ಲಿ ಯಾವ ತಪ್ಪೂ ಇರಲಿಲ್ಲ.

ಸಂಜೆ ತಾಯಿ ಮಾದೇವಿಯ ಫೋನ್ ಬಂತು. ರವಿವಾರ ಬೀಳಗಿಯಿಂದ ಅವಳನ್ನು ನೋಡಲು ಬರುವವರಿದ್ದರು. ಹುಡುಗನ ಫೋಟೋವನ್ನು ವೈಶಾಲಿ ಮತ್ತೊಮ್ಮೆ ತೆಗೆದು ನೋಡಿದಳು. ಒಳ್ಳೆಯ ಮುಖ. ಅವಳ ಎದೆ ಮಾತ್ರ ಗಾಳಿಯಿಲ್ಲದ ಕೆರೆಯಂತೆ ತಣ್ಣಗಿತ್ತು. ಮುರಿದುಹೋದ ಆ ಮದುವೆ ನಿಶ್ಚಯವಾದಾಗಲೂ ಹೀಗೆಯೇ ಇತ್ತಲ್ಲವೆ ಎಂದು ನೆನಪಾಗಿ, ಅವಳು ಫೋನ್ ಕೆಳಗಿಟ್ಟಳು.

ಗುರುವಾರ ಅರ್ಧ ದಿನ ರಜೆ ಹಾಕಿ ಜಮಖಂಡಿಗೆ ಹೋದಳು. ಶಾಲೆಯ ಗೇಟಿನ ಬಳಿ ಹಳದಿ ಬಸ್ಸಿನ ಗಾಜು ಒರೆಸುತ್ತಿದ್ದ ಯಲ್ಲಾಲಿಂಗ ಅವಳನ್ನು ಕಂಡು, ಒದ್ದೆ ಬಟ್ಟೆಯನ್ನು ಹೆಗಲಿಗೇ ಹಾಕಿಕೊಂಡ.

"ಸರ್ಟಿಫಿಕೇಟಿನ್ಯಾಗ ಏನರ ತಪ್ಪಾತೇನ್ರಿ?"

"ಒಂದ ಮಾತ ಕೇಳಾಕ ಬಂದೀನಿ. ಅವತ್ತ ಎದಿಯಾಗ ಪಾರಿವಾಳ ಅಂತ ಚೇಷ್ಟಿ ಮಾಡಿದ್ರೇನು?"

ಅವನ ಮುಖದ ಬಣ್ಣ ಇಳಿಯಿತು. "ಅವ್ವನ ಕಾಲಿಗೆ ಸಕ್ಕರಿ ರೋಗದ ಗಾಯ ಆಗಿತ್ತಲ್ರಿ. ಇಪ್ಪತ್ತೊಂದ ದಿನ ನೀವು ಡ್ರೆಸ್ಸಿಂಗ್ ಮಾಡಿದ್ರಿ. ಆ ವಾಸನಿಗೆ ಹೆತ್ತ ಮಗಾ ನಾನ ಮಾರಿ ತಿರುವಿದ್ದೆ. ನೀವು ಆ ಕಾಲು ತೊಡಿ ಮ್ಯಾಲ ಇಟಗೊಂಡು, ಹಣಮವ್ವ, ಇವತ್ತ ಏನ ಪಲ್ಯಾ ಮಾಡಿದ್ರಿ ಅಂತ ಕೇಳತಿದ್ರಿ. ಆವತ್ತಿಂದ ಹಿಂಗ ಆಗೈತ್ರಿ. ಹೇಳಾಕ ಧೈರ್ಯ ಬರಲಿಲ್ಲ."

ವೈಶಾಲಿ ಬಸ್ಸಿನ ಗಾಲಿಯನ್ನೇ ನೋಡುತ್ತ ನಿಂತಳು. "ನನ್ನ ಲಗ್ನ ಒಮ್ಮೆ ಮುರದೈತಿ."

"ಗೊತ್ತೈತ್ರಿ."

"ಮಂದಿ ಮಾತಾಡ್ತಾರ."

"ಮಾತಾಡ್ಲಿ ಬಿಡ್ರಿ. ನಾ ಟ್ರ್ಯಾಕ್ಟರ್ ಹೊಡದಾಂವ, ಕಿವಿ ಸ್ವಲ್ಪ ಮಂದ."

ಅವಳು ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿಯದೆ. ಅವನು ಆ ನಗುವನ್ನು ಕಣ್ಣು ತಪ್ಪಿಸದೆ ನೋಡಿದ. ಒಳಗೆ ಶಾಲೆಯ ಗಂಟೆ ಹೊಡೆಯಿತು.

"ರವಿವಾರ ಅವ್ವನ್ನ ಕರಕೊಂಡು ನಮ್ಮ ಮನಿಗೆ ಬರ್ರಿ," ಎಂದಳು.

ಬಸ್ ಸ್ಟ್ಯಾಂಡಿಗೆ ನಡೆಯುತ್ತಲೇ ತಾಯಿಗೆ ಫೋನ್ ಹಚ್ಚಿದಳು. "ಅವ್ವಾ, ಬೀಳಗಿಯವರಿಗೆ ಬರೂದು ಬ್ಯಾಡ ಅಂತ ಹೇಳು. ಹಿಪ್ಪರಗಿಯಿಂದ ಬರ್ತಾರ. ನಾನ ಕರದೀನಿ."

ಆ ಕಡೆ ಮಾದೇವಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಮಗಳು ತಾನಾಗಿ ಒಬ್ಬರನ್ನು ಮನೆಗೆ ಕರೆದು ಎರಡು ವರ್ಷವಾಗಿತ್ತು.

"ಎಷ್ಟ ಮಂದಿ ಬರ್ತಾರ ಬೇ?" ಎಂದಳು ತಾಯಿ. "ಹೋಳಗಿಗೆ ಬ್ಯಾಳಿ ಎಷ್ಟ ಹಾಕ್ಲಿ?"