ಅವಳ ಅಳತೆಯ ಸೀಟು

"ಇನ್ನೊಂದ್ಸಲ ಇಳೀರಿ."

ಸೈರನಕ್ಕ ತಲೆಯೆತ್ತಿ ನೋಡಿದಳು. ಒಂದು ಕೈ ಕಾರಿನ ಛಾವಣಿಯ ಮೇಲೆ, ಇನ್ನೊಂದು ಬಾಗಿಲ ಮೇಲೆ, ಬಲಗಾಲು ನೆಲದಲ್ಲಿ, ಎಡಗಾಲು ಇನ್ನೂ ಒಳಗೆ... ಈ ಅವಸ್ಥೆಯಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದೇ ಅವಳು ಕಾರನ್ನು ಸೀಟು ಹೊಲಿಯುವ ಅಂಗಡಿಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಿದ್ದಳು. ಆದರೂ ಈ ಮನುಷ್ಯ ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದ. ಪೂರ್ತಿ ನೆರೆತ ತಲೆ, ಕಿವಿಯ ಮೇಲೆ ಸೀಮೆಸುಣ್ಣ, ಕುತ್ತಿಗೆಯಲ್ಲಿ ಅಳತೆ ಟೇಪು.

"ಏನಂದ್ರಿ?"

"ಒಳಗೆ ಕೂತು ಇನ್ನೊಂದ್ಸಲ ಇಳೀರಿ ಅಂದೆ. ಸರಿಯಾಗಿ ನೋಡ್ಲಿಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಲ್ಲೇನು ಸರ್ಕಸ್ ನಡೀತಾ ಇದೆಯಾ, ನೋಡಿ ಚಪ್ಪಾಳೆ ತಟ್ಟೋಕೆ?

"ನಿಮ್ಮ ಮನರಂಜನೆಗೆ ಬಂದಿಲ್ಲ ನಾನು. ಸೀಟು ಸರಿ ಮಾಡಿಸೋಕೆ ಬಂದಿದ್ದೀನಿ."

"ಸೀಟು ಎಲ್ಲಿ ಕಚ್ತಾ ಇದೆ ಅಂತ ಗೊತ್ತಾಗ್ದೆ ಸರಿ ಮಾಡೋದು ಹೇಗೆ? ನೋವು ಒಂದು ಕಡೆ ಇರುತ್ತೆ, ಅದರ ಕಾರಣ ಇನ್ನೊಂದು ಕಡೆ. ಬಾಯಲ್ಲಿ ಕೇಳಿದ್ರೆ ಎಲ್ಲರೂ ಸುಳ್ಳೇ ಹೇಳೋದು."

ಅವಳು ಒಳಗೆ ಕೂತಳು, ಇಳಿದಳು, ಬಾಗಿಲನ್ನು ಬೀದಿಗೆಲ್ಲ ಕೇಳುವಂತೆ ಬಡಿದಳು.

"ಸೀಟಿನ ಬಲಗಡೆಯ ರೆಕ್ಕೆ, ಈ ಉಬ್ಬಿದ ಅಂಚು," ಎಂದ ಅವನು, ಬಾಗಿಲಿನ ಸದ್ದು ಕೇಳಿಸಲೇ ಇಲ್ಲವೇನೋ ಎಂಬಂತೆ. "ತೊಡೆಗೆ ಒತ್ತುತ್ತೆ. ಅದನ್ನ ದಾಟೋಕೆ ನೀವು ಸೊಂಟ ತಿರುಚ್ತೀರಿ. ಬೆನ್ನಿನದೇನೂ ತಪ್ಪಿಲ್ಲ."

ಮೂರು ತಿಂಗಳಿಂದ ಮಗಳು, ಅಳಿಯ, ಡಾಕ್ಟರು, ಪಕ್ಕದ ಮನೆಯವರು ಎಲ್ಲರೂ ಅವಳ ಬೆನ್ನಿಗೇ ತಪ್ಪು ಹೊರಿಸುತ್ತಿದ್ದರು. ತಪ್ಪು ಬೆನ್ನಿನದಲ್ಲ ಎಂದು ಮೊದಲು ಹೇಳಿದವನು ಈ ಒರಟ. ಅದೂ ಅವಳಿಗೆ ಸಿಟ್ಟು ತರಿಸಿತು.

ಅವಳು ಇಪ್ಪತ್ತೆಂಟು ವರ್ಷ ಆಂಬ್ಯುಲೆನ್ಸ್ ಓಡಿಸಿದವಳು. ಸೈರನಕ್ಕ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಸೈರನ್ ಕೆಟ್ಟ ದಿನವೂ ಅವಳ ಬಾಯಿಯೊಂದೇ ಸಾಕು ದಾರಿ ಬಿಡಿಸೋಕೆ ಎಂದು ಜೊತೆಯವರು ನಗುತ್ತಿದ್ದರು. ನಿವೃತ್ತಿಯಾದ ಮರುವಾರವೇ ಹೋಗಿ ಕಾರು ತಂದಳು. ಸಣ್ಣದು, ಕಡುಹಳದಿ ಬಣ್ಣದ್ದು, ನೆಲಕ್ಕಂಟಿದ ಹಾಗೆ ಕೂತದ್ದು, ಹಿಂದೆ ಎರಡು ಹೊಗೆಕೊಳವೆ, ಸೀಟಿಗೆ ಕೆಂಪು ಹೊಲಿಗೆ, ಎರಡೂ ಪಕ್ಕದಲ್ಲಿ ತಬ್ಬಿ ಹಿಡಿಯುವ ಎತ್ತರದ ರೆಕ್ಕೆಗಳು.

"ಅಮ್ಮ, ಅದು ಇಪ್ಪತ್ತೈದರ ಹುಡುಗರ ಕಾರು," ಎಂದಿದ್ದಳು ಮಗಳು. ಅವಳು ಹಲ್ಲಿನ ಡಾಕ್ಟರು. ಊರಿನವರ ಬಾಯಿ ತೆರೆಸುವುದು, ತಾಯಿಯ ಬಾಯಿ ಮುಚ್ಚಿಸುವುದು, ಎರಡೂ ಅವಳ ಕೆಲಸ. "ನಿನ್ನ ವಯಸ್ಸಿಗೆ ಎತ್ತರದ್ದೊಂದು ತಗೋ, ಹತ್ತಿ ಇಳಿಯೋಕೆ ಸುಲಭ."

"ಎತ್ತರದ್ದರಲ್ಲಿ ಇಪ್ಪತ್ತೆಂಟು ವರ್ಷ ಕೂತಿದ್ದೀನಿ. ಸಾಕು."

ಆದರೆ ಕಾರು ಅವಳನ್ನು ತಬ್ಬುವ ಬದಲು ಹಿಸುಕುತ್ತಿತ್ತು. ಇಪ್ಪತ್ತು ನಿಮಿಷಕ್ಕೇ ಸೊಂಟದಲ್ಲಿ ಮೊಳೆ ಹೊಡೆದ ಹಾಗೆ. ಮಗಳ ಮುಂದೆ ಅದನ್ನು ಒಪ್ಪಿಕೊಳ್ಳುವುದಕ್ಕಿಂತ ನೋವೇ ವಾಸಿ ಎಂದು ಹಲ್ಲು ಕಚ್ಚಿದ್ದಳು.

ಆ ಬೀದಿಯವರೆಲ್ಲ ಸೀಟು ಹೊಲಿಯುವವನನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಯಾರು ಕಂಡರೂ "ನೆಟ್ಟಗೆ ಕೂತ್ಕೊಳ್ಳಿ" ಎನ್ನುವ ಚಾಳಿ ಇತ್ತು, ಅಷ್ಟೆ. ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆಗೊರಗಿದ ಫೋಮಿನ ಹಲಗೆಗಳು, ಮೊಳದುದ್ದದ ಕತ್ತರಿಸುವ ಚಾಕು, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಅಂಟಿನ ವಾಸನೆ. ಚೂರುಪಾರು ಫೋಮಿನ ರಾಶಿಯ ಮೇಲೆ ಒಂದು ಬೆಕ್ಕು ರಾಣಿಯ ಹಾಗೆ ಮಲಗಿರುತ್ತಿತ್ತು.

ಕಾರು ಅಲ್ಲೇ ಉಳಿಯಿತು. ಅವಳು ಮೂರು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ಬಿಚ್ಚಿಟ್ಟ ಸೀಟಿನ ಮೇಲೆ ಕೂರಬೇಕು. ಮೇಷ್ಟ್ರು ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಪ್ರತಿ ಸಲವೂ ಜಗಳ.

"ಆಂಬ್ಯುಲೆನ್ಸಲ್ಲಿ ಹೇಗೆ ಕೂರ್ತಿದ್ರಿ?"

"ಕೂತ್ಕೊಂಡು."

"ಮುಂದಕ್ಕೆ ಬಾಗಿ ಕೂರ್ತಿದ್ರಿ. ಈಗ್ಲೂ ಹಾಗೇ ಕೂತಿದ್ದೀರಿ. ಹಿಂದೆ ಯಾರೋ ಸಾಯ್ತಾ ಇದ್ದಾರೆ ಅನ್ನೋ ಹಾಗೆ."

ಯಾರೂ ಅವಳಿಗೆ ಇಷ್ಟು ನಿಖರವಾಗಿ ಒಂದು ಮಾತನ್ನೂ ಹೇಳಿರಲಿಲ್ಲ.

"ಹಿಂದೆ ಯಾರೋ ಇದ್ದೇ ಇರ್ತಿದ್ರು," ಎಂದಳು. "ಅಷ್ಟು ವರ್ಷ ಜೋರಾಗಿ ಓಡಿಸಿದ್ದೀನಿ. ಒಂದ್ಸಲನೂ ನನಗೋಸ್ಕರ ಓಡಿಸಿಲ್ಲ. ಒಂದು ತಿರುವನ್ನ ಇಷ್ಟಪಟ್ಟು ತಿರುಗಿಸಿಲ್ಲ... ಅದಕ್ಕೇ ಈ ಕಾರು. ನಗ್ತೀರಾ?"

ಮೇಷ್ಟ್ರು ನಗಲಿಲ್ಲ. ಅಯ್ಯೋ ಪಾಪ ಎನ್ನಲಿಲ್ಲ. ಚಾಕು ಎತ್ತಿಕೊಂಡು ಬಲಗಡೆಯ ರೆಕ್ಕೆಯಿಂದ ಎರಡು ಬೆರಳಿನಷ್ಟು ಫೋಮು ಕತ್ತರಿಸಿದರು.

"ಈಗ ಒರಗಿ. ಹಿಂದೆ ಯಾರೂ ಇಲ್ಲ."

ಅವಳು ಒರಗಿದಳು. ಆ ದಿನ ಬಸ್ಸಿನಲ್ಲಿ ಹಿಂತಿರುಗುವಾಗ ತನ್ನ ನಿಲ್ದಾಣ ದಾಟಿಹೋದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಗೊತ್ತಾದಾಗ ತನ್ನ ಮೇಲೆಯೇ ಕೋಪ ಬಂತು. ಈ ವಯಸ್ಸಲ್ಲಿ ಇದೆಲ್ಲ ಏನು?

ಗಂಡ ಬಿಟ್ಟುಹೋದಾಗ ಮಗಳಿಗೆ ಒಂಬತ್ತು. ಹೊತ್ತಲ್ಲದ ಹೊತ್ತಿನಲ್ಲಿ ಕೆಲಸಕ್ಕೆ ಓಡುವ ಹೆಂಡತಿ ತನಗೆ ಬೇಡ ಎಂದು ಹೋಗಿದ್ದ. ಅಂದಿನಿಂದ ಗಂಡಸರ ಮಾತು ಅವಳ ಮನೆಯಲ್ಲಿ ಬಂದಿರಲಿಲ್ಲ. ಮೇಷ್ಟ್ರ ಹೆಂಡತಿ ತೀರಿಕೊಂಡು ಎಂಟು ವರ್ಷ. ಅದನ್ನವರು ಬಾಬಿನ್‌ಗೆ ದಾರ ಸುತ್ತುತ್ತ, ಮುಖ ಎತ್ತದೆ ಹೇಳಿದ್ದರು.

ಒಂದು ಭಾನುವಾರ ಮಗಳ ಮನೆಯಲ್ಲಿ ಊಟ. ತಟ್ಟೆಗಳು ಖಾಲಿಯಾಗುವ ಹೊತ್ತಿಗೆ ಮಗಳು ಅಳಿಯನ ಮುಖ ನೋಡಿದಳು, ಅಳಿಯ ಲೋಟದೊಳಗೆ ನೋಡಿದ.

"ಅಮ್ಮ, ಕಾರು ಮಾರಿಬಿಡೋಣ. ನಾನು ಆ ಸೀಟಿನವರಿಗೂ ಫೋನ್ ಮಾಡಿದ್ದೆ."

"ಏನು ಮಾಡಿದ್ದೆ?"

"ನೀನು ನನ್ನ ಮಾತು ಕೇಳಲ್ಲ, ಅವರಾದ್ರೂ ಹೇಳ್ಲಿ ಅಂತ. ಅವರೂ ಒಪ್ಕೊಂಡ್ರು. ಆ ಸೀಟು ನಿಮ್ಮಮ್ಮನ ವಯಸ್ಸಿನವರಿಗೆ ಮಾಡಿದ್ದಲ್ಲ ಅಂದ್ರು."

ಸೈರನಕ್ಕ ಎದ್ದುನಿಂತಳು. ಮಗಳ ಮೇಲಿನ ಸಿಟ್ಟು ಹಳೆಯದು, ಪರಿಚಯದ್ದು. ಆದರೆ ಅವರು... ನನ್ನ ಮುಂದೆ ಬೆನ್ನಿನದು ತಪ್ಪಿಲ್ಲ ಅಂತ ಹೇಳಿ, ನನ್ನ ಹಿಂದೆ ನನ್ನ ವಯಸ್ಸನ್ನ ಆಡಿಕೊಂಡ್ರಾ?

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ಅವಳು ನಿಂತೇ ಹೋದಳು. ಭಾನುವಾರವಾದರೂ ಅಂಗಡಿಯ ಅರ್ಧ ಬಾಗಿಲು ತೆರೆದಿತ್ತು. ಮೇಷ್ಟ್ರು ಅವಳದೇ ಸೀಟಿನ ಮುಂದೆ ಮಂಡಿಯೂರಿ ಕೂತಿದ್ದರು. ಅವಳನ್ನು ಕಂಡೊಡನೆ ಅವರ ಮುಖ ಅರಳಿತು. ಅದನ್ನು ಕಂಡು ಅವಳ ಸಿಟ್ಟು ಇನ್ನೂ ನೆತ್ತಿಗೇರಿತು.

"ಸೀಟು ಹಾಕಿಕೊಡಿ. ಈಗಲೇ."

"ಹೊದಿಕೆ ಇನ್ನೂ ಹೊಲಿದಿಲ್ಲ..."

"ಹಾಗೇ ಹಾಕಿ. ಮುದುಕಿಯ ಸೀಟಿಗೆ ಹೊದಿಕೆ ಯಾಕೆ?"

ಅವರ ನಗು ಮಾಯವಾಯಿತು. "ಯಾರು ಹಾಗಂದ್ರು?"

"ನೀವೇ. ನನ್ನ ಮಗಳ ಹತ್ರ. ನನ್ನ ಹತ್ರ ಹೇಳೋಕೆ ಧೈರ್ಯ ಇರ್ಲಿಲ್ವಾ?"

ಮೇಷ್ಟ್ರು ನಿಧಾನವಾಗಿ ಎದ್ದರು. "ನಾನು ಏನು ಹೇಳ್ದೆ ಅನ್ನೋದನ್ನ ನನ್ನನ್ನೇ ಕೇಳಬಹುದಿತ್ತು."

"ಕೇಳೋಕೇನಿದೆ?"

"ಹಾಗಾದ್ರೆ ಹೇಳೋಕೂ ಏನಿಲ್ಲ."

ನಾಲ್ಕು ಬೋಲ್ಟು. ಪ್ರತಿಯೊಂದನ್ನೂ ಅವರು ಹಲ್ಲು ಕಚ್ಚಿ ಬಿಗಿದರು. ಬೋಳು ಫೋಮಿನ ಮೇಲೆ ಒಂದು ಹಳೆಯ ದುಪ್ಪಟಿ ಹೊದಿಸಿ, ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಕೀಲಿಕೈಯನ್ನು ಕಾರಿನ ಛಾವಣಿಯ ಮೇಲಿಟ್ಟು ಒಳಗೆ ಹೋದರು. ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಯಂತ್ರದಲ್ಲಿ ಬಟ್ಟೆ ಇರಲಿಲ್ಲ. ಅದು ಅವಳಿಗೆ ಕಾಣಲಿಲ್ಲ.

ಅವಳು ಊರಾಚೆಯ ರಸ್ತೆ ಹಿಡಿದಳು. ಗುಡ್ಡದ ಬುಡವನ್ನು ಬಳಸಿ ಹೋಗುವ ದಾರಿ. ತಿರುವಿನ ಮೇಲೆ ತಿರುವು. ಮೂರನೇ ಗೇರು, ಎರಡನೇ ಗೇರು, ಮತ್ತೆ ಮೂರು. ಎಂಜಿನ್ನು ಅವಳ ಬದಲಿಗೆ ಗುಡುಗುತ್ತಿತ್ತು. ಹೋಗ್ಲಿ. ಎಲ್ಲರೂ ಹೋಗ್ಲಿ. ಮಗಳು, ಮೇಷ್ಟ್ರು, ಅವರ ಆ ಸೀಮೆಸುಣ್ಣ, ಆ ಸೊಕ್ಕಿನ ಬೆಕ್ಕು...

ಪೆಟ್ರೋಲ್ ಬಂಕಿನ ಮುಂದೆ ನಿಲ್ಲಿಸಿ, ಇಳಿದು, ನೀರು ಕೊಳ್ಳಲು ನಾಲ್ಕು ಹೆಜ್ಜೆ ಹಾಕಿದವಳು ಥಟ್ಟನೆ ನಿಂತಳು.

ಛಾವಣಿ ಹಿಡಿದಿರಲಿಲ್ಲ. ಸೊಂಟ ತಿರುಚಿರಲಿಲ್ಲ. ಗಡಿಯಾರ ನೋಡಿದಳು. ಒಂದು ಗಂಟೆ ನಲವತ್ತು ನಿಮಿಷ ಆಗಿತ್ತು ಅವಳು ಕೂತು. ನೋವು ಎಲ್ಲಿ?

ಹಿಂತಿರುಗಿ ಹೋಗಿ ಬಾಗಿಲು ತೆರೆದಳು. ದುಪ್ಪಟಿ ಸರಿಸಿ ಫೋಮನ್ನು ಒತ್ತಿ ನೋಡಿದಳು. ಸೊಂಟದ ಹತ್ತಿರ ಗಟ್ಟಿ, ತೊಡೆಯ ಕೆಳಗೆ ಮೆತ್ತಗೆ. ಬಲಗಡೆಯ ರೆಕ್ಕೆ ತಗ್ಗಿತ್ತು, ಎಡಗಡೆಯದು ಹಾಗೇ ಎತ್ತರವಿತ್ತು. ಅದಕ್ಕೇ ಅಷ್ಟು ತಿರುವುಗಳಲ್ಲೂ ಅವಳು ಒಂದಿಷ್ಟೂ ಜಾರಿರಲಿಲ್ಲ. ಇದು ಆಡಿಕೊಳ್ಳುವವರು ಮಾಡುವ ಕೆಲಸವಲ್ಲ.

ಮಗಳಿಗೆ ಫೋನ್ ಮಾಡಿದಳು.

"ಅವರು ಹೇಳಿದ್ದನ್ನ ಪೂರ್ತಿ ಹೇಳು. ನಿನಗೆ ಬೇಕಾದಷ್ಟೇ ಅಲ್ಲ."

ಆ ಕಡೆಯಿಂದ ಸಣ್ಣ ದನಿ. "ಆ ಸೀಟು ಅವರಿಗೆ ಮಾಡಿದ್ದಲ್ಲ, ಅದಕ್ಕೇ ನಾನು ಅವರಿಗೊಂದು ಮಾಡ್ತಾ ಇದ್ದೀನಿ ಅಂದ್ರು. ಕಾರು ಮಾರೋಕೆ ಹೇಳಿ ಅಂತ ಇನ್ನೊಂದ್ಸಲ ಫೋನ್ ಮಾಡಿದ್ರೆ ಇಟ್ಟುಬಿಡ್ತೀನಿ ಅಂತಾನೂ ಅಂದ್ರು."

"ಮತ್ತೆ ನೀನು ಅರ್ಧ ನುಂಗಿ, ವಯಸ್ಸನ್ನ ಸೇರಿಸಿದ್ದು ಯಾಕೆ?"

"ಯಾಕೆ ಅಂದ್ರೆ..." ಮಗಳ ದನಿ ಒಡೆಯಿತು. ಅದರಲ್ಲೂ ಕೋಪವೇ ಇತ್ತು. "ಚಿಕ್ಕವಳಿದ್ದಾಗ ಯಾವ ಸೈರನ್ ಕೇಳಿದ್ರೂ ಅದರಲ್ಲಿ ನೀನಿದ್ದೀಯ ಅಂತ ಕಿಟಕಿ ಹತ್ರ ನಿಲ್ತಿದ್ದೆ. ರಿಟೈರಾದ್ಮೇಲೆ ಅದು ಮುಗೀತು ಅಂದ್ಕೊಂಡೆ. ನೀನು ಹೋಗಿ ಅದಕ್ಕಿಂತ ಜೋರಾಗಿ ಓಡೋದನ್ನ ತಂದೆ. ನನಗೆ ಭಯ ಆಗಲ್ವಾ ಅಮ್ಮ?"

ಇಷ್ಟು ವರ್ಷ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಬಂಕಿನ ಕಂಬಕ್ಕೆ ಒರಗಿದಳು.

"ಆಗುತ್ತೆ," ಎಂದಳು. "ಆದ್ರೆ ಭಯ ಆದ್ರೆ ಭಯ ಅಂತ ಹೇಳು. ವಯಸ್ಸು ಅಂತ ಹೇಳ್ಬೇಡ. ಮುಂದಿನ ಭಾನುವಾರ ಪಕ್ಕದಲ್ಲಿ ಕೂರು. ನಾನು ಹೇಗೆ ಓಡಿಸ್ತೀನಿ ನೋಡು, ಆಮೇಲೆ ಬೈಯಿ."

ಹಿಂತಿರುಗುವಾಗ ಅವಳು ನಿಧಾನವಾಗಿ ಓಡಿಸಿದಳು. ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಳ್ಳುತ್ತ ಬಂದಳು. ಒಂದೂ ನಿಲ್ಲಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಮೇಷ್ಟ್ರು ಬಾಗಿಲು ಎಳೆಯುತ್ತಿದ್ದರು. ಕಾರಿನ ಸದ್ದು ಕೇಳಿಯೂ ತಿರುಗಲಿಲ್ಲ.

"ತಪ್ಪು ನನ್ನದು," ಎಂದಳು ಅವಳು, ಜಗಳಕ್ಕೆ ನಿಂತವಳ ದನಿಯಲ್ಲೇ.

"ಹೌದು."

"ಕೇಳಬೇಕಿತ್ತು ನಿಮ್ಮನ್ನ."

"ಹೌದು."

"ಹೌದು ಹೌದು ಅಂತ ಎಷ್ಟು ಸಲ ಅಂತೀರಿ? ನಾನು ಯಾರ ಹತ್ರಾನೂ ತಪ್ಪು ಒಪ್ಕೊಂಡವಳಲ್ಲ. ಅಭ್ಯಾಸ ಇಲ್ಲ ನನಗೆ."

ಮೇಷ್ಟ್ರು ಈಗ ತಿರುಗಿದರು. ಕಣ್ಣು ಕೆಂಪಗಿತ್ತು. "ಎಂಟು ವರ್ಷ ಆಗಿತ್ತು ನಾನು ಯಾರಿಗಾದ್ರೂ ಕಾದು. ನೀವು ಬರೋ ದಿನ ಬೆಳಿಗ್ಗೇನೇ ಎದ್ದು ಅಂಗಡಿ ಗುಡಿಸ್ತಿದ್ದೆ. ಅಂಥವನನ್ನ ಒಂದು ಮಾತೂ ಕೇಳ್ದೆ ಕಳ್ಳನ್ನ ಮಾಡಿ ಹೋದ್ರಿ."

ಮೇಷ್ಟ್ರು ನೆಲ ನೋಡಿದರು. ಹೇಳಬಾರದ್ದು ಹೇಳಿಯಾಗಿತ್ತು. ಇನ್ನು ಉಳಿದದ್ದನ್ನೂ ಹೇಳಿಬಿಡೋಣ ಎನಿಸಿತೇನೋ.

"ನಿಜ ಹೇಳ್ಬೇಕಂದ್ರೆ ಸ್ವಲ್ಪ ಕಳ್ಳನೇ ನಾನು. ಫೋಮಿನ ಕೆಲಸ ಎರಡು ವಾರದ ಹಿಂದೇನೇ ಮುಗಿದಿತ್ತು."

"ಏನು?"

"ಇನ್ನೊಂದು ಅಳತೆ, ಇನ್ನೊಂದು ಅಳತೆ ಅಂತ ಕರೆಸ್ತಿದ್ನಲ್ಲ... ಅಳತೆ ಏನೂ ಬೇಕಿರ್ಲಿಲ್ಲ."

"ಎರಡು ವಾರ ನನ್ನನ್ನ ಸುಮ್ಮನೆ ಬಸ್ಸಲ್ಲಿ ಅಲೆಸಿದ್ರಾ?" ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಾನು ನಿಂತ್ಕೊಂಡು ಬರ್ತಿದ್ದೆ, ಗೊತ್ತಾ? ಬಾಯಿಬಿಟ್ಟು ಬನ್ನಿ ಅಂದಿದ್ರೆ ಬರ್ತಿರ್ಲಿಲ್ವಾ ನಾನು?"

"ಬರ್ತಿದ್ರಾ?"

ಕೋಪದ ಭರದಲ್ಲಿ ತಾನೇನು ಒಪ್ಪಿಕೊಂಡೆ ಎಂಬುದು ಅವಳಿಗೆ ಆಗ ಅರಿವಾಯಿತು. ಕೆನ್ನೆ ಬಿಸಿಯಾಯಿತು. ಅರವತ್ತೆರಡರ ಕೆನ್ನೆಗೂ ಹಾಗಾಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

"ಹತ್ತಿ," ಎಂದಳು ಪಕ್ಕದ ಬಾಗಿಲು ತೆರೆದು.

ಮೇಷ್ಟ್ರು ಬಗ್ಗಿ, ಕೈಕಾಲು ಮಡಚಿಕೊಂಡು ಒಳಗೆ ಇಳಿದರು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು.

"ಇದರಲ್ಲಿ ಕೂತ್ರೆ ನನ್ನ ಸೊಂಟ ಹೋಗುತ್ತೆ."

"ಗೊಣಗಬೇಡಿ. ನಿಮ್ಮ ಅಳತೆಗೆ ಅದನ್ನೂ ಬಿಚ್ಚಿ ಮಾಡ್ಕೊಳ್ಳಿ. ದಿನಾ ಕೂರೋರು ನೀವೇ ತಾನೆ."

ಅವರು ತಿರುಗಿ ನೋಡಿದರು. ಅವಳು ಕನ್ನಡಿ ಸರಿಪಡಿಸುವ ನೆಪದಲ್ಲಿ ಮುಖ ಅತ್ತ ಮಾಡಿದಳು.

"ದಿನಾ ಅಂದ್ರೆ... ಎಲ್ಲಿವರೆಗೆ?"

"ನನ್ನ ಕಣ್ಣು ಸರಿಯಾಗಿ ಕಾಣೋವರೆಗೆ ನಾನು ಓಡಿಸ್ತೀನಿ. ಆಮೇಲೆ ಈ ಕಡೆಗೆ ನೀವು ಬನ್ನಿ, ಆ ಕಡೆ ನಾನು ಕೂರ್ತೀನಿ."

"ಆ ಸೀಟು ನಿಮ್ಮ ಮೈಗೆ ಮಾಡಿದ್ದು. ನನಗಾಗಲ್ಲ."

"ಇನ್ನೂ ಎಷ್ಟೋ ವರ್ಷ ಇದೆಯಲ್ಲ. ನಿಧಾನವಾಗಿ ಹೊಲೀರಿ."

ಅವರ ಒರಟು ಬೆರಳುಗಳು ಗೇರಿನ ಮೇಲಿದ್ದ ಅವಳ ಕೈ ಮೇಲೆ ಬಂದು ಕೂತವು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಇನ್ನೂ ಕೋಪ ಇದೆಯಾ?" ಎಂದರು ಮೇಷ್ಟ್ರು ಮೆಲ್ಲಗೆ.

"ಇದೆ," ಎಂದಳು ಸೈರನಕ್ಕ. "ಬೆಲ್ಟ್ ಹಾಕ್ಕೊಳ್ಳಿ."